ಮೇಲಿನ ತಟ್ಟೆ

ಗ್ಯುಮ್ರಿಯ ಕಪ್ಪು ಕಲ್ಲಿನ ಇಗರ್ಜಿಯಲ್ಲಿ
ಶನಿವಾರ ಮೇಣದಬತ್ತಿ ಮಾರುವವಳು ನಾನು.
ಹದಿನಾರು ತುಂಬಿ ಮೂರು ತಿಂಗಳು.
ಒಂದಕ್ಕೆ ನೂರು ದ್ರಾಮ್, ಇಲ್ಲದವರಿಗೆ ಸುಮ್ಮನೆ.

ಮರಳು ತುಂಬಿದ ತಟ್ಟೆ ಎರಡು:
ಮೇಲಿನದು ಬದುಕಿರುವವರಿಗೆ,
ಕೆಳಗಿನದು ಹೋದವರಿಗೆ.
ಮರಳು ಮಾತ್ರ ಒಂದೇ ಹೊಳೆಯದು,
ಓಹಾನ್ ಮಾಮ ಒಂದೇ ಗಾಡಿಯಲ್ಲಿ ತಂದು ಸುರಿದದ್ದು.
ಅರ್ಧ ಉರಿದದ್ದನ್ನು ಕಿತ್ತು ಬಕೆಟ್ಟಿನ ನೀರಿಗೆ ಅದ್ದು ಅನ್ನುತ್ತಾನೆ,
ಕರಗಿಸಿದರೆ ಮತ್ತೆ ಬತ್ತಿ.
ದೇವರಿಗೆ ಮುಟ್ಟಬೇಕಾದ್ದು ಮೊದಲರ್ಧದಲ್ಲೇ ಮುಟ್ಟಿರುತ್ತದಂತೆ.
ಯಾರು ಹೇಳಿದ್ದು? ಅಂದೆ.
ಅವನು ಕೆಮ್ಮಿದ.

ಶೂಶಾನಜ್ಜಿ ಬರುವುದು ಮಧ್ಯಾಹ್ನ ಮೂರರ ಹೊತ್ತಿಗೆ.
ಗಡಿಯಲ್ಲಿ ಕಾಣೆಯಾದ ಮಗನಿಗೊಂದು ಬತ್ತಿ,
ಮೇಲಿನ ತಟ್ಟೆ, ಗೋಡೆ ಕಡೆಯ ಮೂಲೆ.
"ಇಲ್ಲಿ ಗಾಳಿ ತಾಗಲ್ಲ. ರುಬೆನ್‌ಗೆ ಬೇಗ ಶೀತ ಆಗುತ್ತೆ."

ಕಾಣೆಯಾದದ್ದಲ್ಲ.
ನನ್ನಣ್ಣ ಅದೇ ಕಂದಕದಲ್ಲಿದ್ದ.
ಹೋದ ಚಳಿಗಾಲ, ಒಲೆಯ ಮುಂದೆ, ಕುಡಿದು,
ನನಗೊಬ್ಬಳಿಗೇ ಹೇಳಿದ:
ತೊಡೆಯ ಮೇಲೆ ಅವನ ತಲೆ, ಅವನು ಕೇಳಿದ ನೀರು,
ಬಾಟಲಿಯ ಮುಚ್ಚಳ ಬಿಚ್ಚುವುದರೊಳಗೆ
ಇನ್ನು ಬೇಡವಾದದ್ದು.
ಬೆಳಗಾದ ಮೇಲೆ, ಶಿಲುಬೆ ಮುಟ್ಟಿ ಆಣೆ ಹಾಕು,
ಯಾರಿಗೂ ಹೇಳಕೂಡದು ಅಂದ.
ಹಾಕಿದೆ.

ಅಂದಿನಿಂದ ಪ್ರತಿ ಶನಿವಾರ
ಅವಳ ನಾಣ್ಯ ನನ್ನ ಅಂಗೈಗೆ ಬೆಚ್ಚಗೇ ಬರುತ್ತದೆ,
ದಾರಿಯುದ್ದಕ್ಕೂ ಮುಷ್ಟಿಯಲ್ಲಿ ಹಿಡಿದು ತಂದದ್ದು.
ಸುಳ್ಳು ಹೇಳಬೇಡ ಎಂದವನೂ
ಆಣೆ ಮುರಿಯಬೇಡ ಎಂದವನೂ ಒಬ್ಬನೇ ಆದರೆ
ಬಂದು ಈ ಮೇಜಿನ ಹಿಂದೆ ಒಂದು ದಿನ ಕೂರಲಿ.
(ಇದು ಪ್ರಾರ್ಥನೆಯೋ ಜಗಳವೋ,
ಮಂಡಿಯೂರಿಯೇ ಹೇಳಿದ್ದೇನೆ.)

ಇವತ್ತು ಅವಳ ಕೈ ನಡುಗಿತು.
ಹಚ್ಚಿದ ಬತ್ತಿ ನನ್ನತ್ತ ಚಾಚಿ
"ನೀನೇ ಇಡು, ಮಗಳೇ" ಅಂದಳು.
ಎಲ್ಲಿ ಅಂತ ಹೇಳಲಿಲ್ಲ.
ಮೂರು ವರ್ಷ ಅದೇ ಮೂಲೆ ತೋರಿಸಿದವಳು
ತಟ್ಟೆಗಳ ಕಡೆ ತಿರುಗಲೇ ಇಲ್ಲ,
ನನ್ನನ್ನೇ ನೋಡಿದಳು.

ಮೇಣ ಹೆಬ್ಬೆರಳಿಗೆ ಇಳಿಯಿತು,
ಸುಟ್ಟಿತು, ಅಲ್ಲೇ ಗಟ್ಟಿಯಾಯಿತು.
ಮೇಲೆ ಚಿತ್ರದಲ್ಲಿದ್ದ ಸಂತರೆಲ್ಲ
ಎಂದಿನಂತೆ ಬೇರೆ ಯಾರನ್ನೋ ನೋಡುತ್ತಿದ್ದರು.

ಇಟ್ಟೆ.
ಎಲ್ಲಿ ಅಂತ ಅಣ್ಣ ಕೇಳಿದರೂ ಹೇಳುವುದಿಲ್ಲ.
ಅವಳು ಹೋಗಲಿಲ್ಲ, ಬೆಂಚಿನ ತುದಿಯಲ್ಲಿ
ಶಾಲಿನ ಗಂಟು ಬಿಚ್ಚುತ್ತ ಕೂತಳು.
ಬತ್ತಿ ಅರ್ಧಕ್ಕೆ ಬಂದಾಗ ಓಹಾನ್ ಮಾಮ
ಬಕೆಟ್ಟು ಹಿಡಿದು ಬಂದ.
ನಾನು ಅಡ್ಡ ನಿಂತೆ,
ಅದು ಮರಳು ಮುಟ್ಟುವ ತನಕ.