ಬಾಕಿ

ಗೋಬಿಯ ಗಾಳಿಗೆ ಹೊತ್ತುಗೊತ್ತಿಲ್ಲ.
ನನ್ನ ರಷ್ಯದ ವ್ಯಾನಿನ ಎಡಬಾಗಿಲಿಗೆ
ಒಂಟೆಕೂದಲ ಹಗ್ಗ ಬಿಗಿದಿರುವುದು ಅದಕ್ಕೇ.
ದಲನ್‌ಝದ್ಗದ್ ಪೇಟೆಯಲ್ಲಿ ಹತ್ತಿದಳು ನರಂಗೆರೆಲ್,
ಎಪ್ಪತ್ತು ದಾಟಿದ ಹೆಂಗಸು,
ಎದೆಗವಚಿಕೊಂಡು ಹಳದಿ ರೇಷ್ಮೆಯ ಗಂಟು.
ಮೊಮ್ಮಗುವೇನೋ ಅಂದುಕೊಂಡೆ.
ಹಳ್ಳ ಹಾರಿದರೂ ಅಳಲಿಲ್ಲ.

ಪುಸ್ತಕವಂತೆ.
ಮೊಳದುದ್ದ, ಗೇಣಿಗೂ ಕಡಿಮೆ ಅಗಲ,
ಹೊಲಿಗೆ ಇಲ್ಲ, ಬಿಡಿ ಹಾಳೆ,
ಮೇಲೊಂದು ಹಲಗೆ, ಕೆಳಗೊಂದು.
ಮಠಗಳಿಗೆ ಬೆಂಕಿಯಿಟ್ಟ ವರ್ಷ
ಇವಳ ಅಜ್ಜ ಗೊಂಬೊ, ಒಂಟೆ ಕಾಯುವವ,
ಹೊಗೆಯೊಳಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನು ಬಾಚಿ
ತಡಿಯೊಳಗೆ ಹೊಲಿದು ತಂದ.
ಕುರಿಹಟ್ಟಿಯ ಗೊಬ್ಬರದಡಿ ಐವತ್ತು ಚಳಿಗಾಲ ಅದು ಮಲಗಿತ್ತು.
ಕಾಲ ತಿಳಿಯಾದ ಮೇಲೆ ಅಪ್ಪ ಅಗೆದ.
ಅಂದಿನಿಂದ ಅದಕ್ಕೆ ದೇವರ ಪಕ್ಕದ ಜಾಗ,
ಬೆಣ್ಣೆದೀಪ, ವರ್ಷಕ್ಕೊಮ್ಮೆ ಬಿಚ್ಚಿ ಬಿಸಿಲು ತೋರಿಸುವುದು,
ಜ್ವರ ಬಂದ ಮಕ್ಕಳ ನೆತ್ತಿಗೆ ಮುಟ್ಟಿಸುವುದು.
ಓದಲು ಮಾತ್ರ ಮನೆಯಲ್ಲಿ ಒಬ್ಬರಿಗೂ ಬರದು.
'ಸಾಯುವ ಮುಂಚೆ ಒಮ್ಮೆ ಕೇಳಬೇಕು
ಇದು ನಮಗೇನು ಹೇಳುತ್ತಿತ್ತು ಅಂತ.'

ಮೂರು ದಿನದ ದಾರಿ. ದಾರಿ ಅನ್ನುವುದು ಬಾಯಿಮಾತಿಗೆ;
ಹಿಂದೆ ಹೋದ ಗಾಡಿಯ ಗೆರೆ,
ಅದನ್ನೂ ಗಾಳಿ ಒರೆಸುತ್ತಾ ಬರುತ್ತದೆ.
ಎರಡನೆಯ ದಿನ ಬೆಲ್ಟು ಹರಿದು ನಿಂತೆವು.
ಎಂಜಿನ್ನಿನ ಹೊಟ್ಟೆಯಲ್ಲಿ ನನ್ನ ಕೈ.
ಅವಳು ಗಂಟು ಬಿಚ್ಚಿ ಹಾಳೆ ಎಣಿಸುತ್ತಿದ್ದಳು—
ಎಲ್ಲಿ ಹೊಂಚುಹಾಕಿತ್ತೋ, ಬಂತು.
ಒಂದು ಹಾಳೆ ಎದ್ದು
ಹದ್ದಿನ ಹಾಗೆ ಒಂದು ಸುತ್ತು ಹಾಕಿತು.
ಓಡಿದೆ. ಎಣ್ಣೆಗೈಯಲ್ಲೇ ಓಡಿದೆ.
ಐವತ್ತರ ಮೊಳಕಾಲು, ಕಾಲಿಗೆ ತೊಡರುವ ಕುರುಚಲು,
ಅದು ಕೂತಂತೆ ಮಾಡುತ್ತದೆ, ಹತ್ತಿರ ಹೋದರೆ ಏಳುತ್ತದೆ.
ಕೊನೆಗೆ ಹಾಳೆ ಮರಳಿನ ಬಣ್ಣ,
ಮರಳು ಹಾಳೆಯ ಬಣ್ಣ.
ವಾಪಸು ಬಂದಾಗ ಅವಳು ಬೈಯಲಿಲ್ಲ.
ಉಳಿದದ್ದರ ಮೇಲೆ ಬಾಗಿ ನಿಂತಿದ್ದಳು,
ಆಗಷ್ಟೇ ಈದ ಒಂಟೆಯ ಹಾಗೆ.

ಉಲಾನ್‌ಬಾತರ್. ಐದನೆಯ ಮಹಡಿ, ಕಿಟಕಿಯಾಚೆ ಕಲ್ಲಿದ್ದಲ ಹೊಗೆ.
ಓದುವವಳು ಡುಲಮ್‌ಸುರೆನ್, ತೀರಾ ಹುಡುಗಿ,
ಕೊರಳಲ್ಲಿ ಇಯರ್‌ಫೋನು, ಕೈಗೆ ಬಿಳಿ ಗವಸು.
ಮೊದಲ ಹಾಳೆ ಓದಿದಳು. ಎರಡನೆಯದು. ನಡುವಿನದೊಂದು.
ಆಮೇಲೆ ಎದ್ದು ನೀರು ಕುಡಿದು ಬಂದಳು.
'ಅಜ್ಜೀ, ಇದು ಮಂತ್ರವಲ್ಲ.
ಮಠದ ಉಗ್ರಾಣದ ಲೆಕ್ಕ. ಕೊಟ್ಟ ಸಾಲ.
ಇಂಥವನಿಗೆ ಹಿಟ್ಟು, ಇಂಥವಳಿಗೆ ಉಪ್ಪು,
ಇವನು ಎರಡು ಕುರಿ ತೀರಿಸಿದ, ಇವನು ಸತ್ತ.'
ನಾನು ಗೋಡೆ ನೋಡಿದೆ.
ದೇಶ ಸುತ್ತಿ ಕೋಶ ಬಿಚ್ಚಿದ್ದು ಇದಕ್ಕೆ!
ಹುಡುಗಿಯ ಬೆರಳು ಇನ್ನೂ ಸರಿಯುತ್ತಿತ್ತು. ನಿಂತಿತು.
'ಒಂಟೆ ಕಾಯುವ ಗೊಂಬೊ.
ಚಹಾದ ಇಟ್ಟಿಗೆ, ಒಂದು.
ಬಾಕಿ.'

ನರಂಗೆರೆಲ್ ನಕ್ಕಳು, ಹಲ್ಲಿಲ್ಲದ ಬಾಯಿ ತುಂಬ.
'ಅಯ್ಯೋ ಹುಚ್ಚಪ್ಪಾ,
ಸುಮ್ಮನೆ ಬಿಟ್ಟಿದ್ದರೆ ಬೆಂಕಿಯೇ ತೀರಿಸುತ್ತಿತ್ತಲ್ಲ!'

ಗೊತ್ತಿತ್ತೇ ಅವನಿಗೆ? ಅಕ್ಷರ ಬಾರದವನು.
ಗೊತ್ತಿದ್ದೇ ಹೊಗೆಗೆ ನುಗ್ಗಿದನೇ?
ತಿರುಗು ದಾರಿಯುದ್ದ ಸ್ಟಿಯರಿಂಗಿನ ಜೊತೆ ಇದನ್ನೂ ತಿರುವಿದೆ.

ಅವಳು ಸಂತೆಯಲ್ಲಿ ಚಹಾದ ಇಟ್ಟಿಗೆ ಕೊಂಡಿದ್ದಳು.
ಮಠವಿದ್ದಲ್ಲಿ ಈಗ ಸೊಂಟದೆತ್ತರ ಮಣ್ಣಗೋಡೆ,
ಅದರ ನೆರಳಿಗೆ ಎರಡು ಮೇಕೆ.
ಇಟ್ಟಿಗೆ ಹಿಡಿದು ಬಹಳ ಹೊತ್ತು ನಿಂತಳು.
ಇಸಿದುಕೊಳ್ಳುವವರು ಯಾರು?
ಕೊನೆಗೆ ಮೂಲೆ ಮುರಿದು ನನ್ನ ಸ್ಟವ್ವಿನಲ್ಲೇ ಕುದಿಸಿದಳು,
ಉಪ್ಪು ಹಾಕಿ, ಹಾಲು ಹಾಕಿ,
ಮೊದಲ ಸೌಟು ಗಾಳಿಗೆ ಎರಚಿದಳು.
ಗಾಳಿ ಅದನ್ನು ನನ್ನ ಅಂಗಿಗೆ ಎರಚಿತು.

ಪೆನ್ನು ಕೊಟ್ಟೆ. 'ಸಂದಾಯ ಅಂತ ಬರೆದುಬಿಡು.'
ಹಾಳೆ ತೆಗೆದಳು, ಹೆಸರಿದ್ದ ಕಡೆ ಬೆರಳಿಟ್ಟಳು,
ಪೆನ್ನು ಮರಳಿಸಿದಳು.
'ಬೇಡ.
ತೀರಿದ ಲೆಕ್ಕದ ಪುಸ್ತಕವನ್ನು ಯಾರಪ್ಪಾ ಕಾಯುತ್ತಾರೆ?'

ಹಾರಿಹೋದ ಹಾಳೆಯಲ್ಲಿ ಯಾರ್‍ಯಾರಿದ್ದರೋ,
ಅವರದನ್ನೆಲ್ಲ ಗಾಳಿ ತನ್ನ ಹೆಸರಿಗೆ ಬರೆದುಕೊಂಡಿದೆ.

ಇಳಿಯುವಾಗ ಅವಳು ಬಾಡಿಗೆ ಎಣಿಸಿದಳು,
ಒಂದಿಷ್ಟು ಕಡಿಮೆಯಿತ್ತು.
ಅವಳಿಗೂ ಗೊತ್ತು, ನನಗೂ.
ನಾನು ಕೇಳಲಿಲ್ಲ.
ಬಾಗಿಲಿನ ಹಗ್ಗ ಬಿಗಿದೆ.