ತೇವದ ಲೆಕ್ಕ

ಇಪ್ಪತ್ತೆರಡು ವರ್ಷದಿಂದ ನಾನು ಕಾಫಿಯ ತೇವ ನೋಡುವವಳು,
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ, ತೂಕದ ಕಟ್ಟೆಯ ಪಕ್ಕ.
ಲಾರಿ ನಿಂತ ಕೂಡಲೆ ಒಂದು ಬೀಜ ದವಡೆಗೆ.
ಟಕ್ ಅಂದರೆ ಒಳಗೆ,
ಹಲ್ಲಿನ ಗುರುತು ಕೂತರೆ ವಾಪಸು ಕಣಕ್ಕೆ.
ಆಮೇಲೆ ಮೀಟರು ಬಂತು. ಬಟ್ಟಲಿಗೆ ಬೀಜ ಸುರಿ, ಗುಂಡಿ ಒತ್ತು,
ಹನ್ನೊಂದೂವರೆ ಎನ್ನುತ್ತದೆ, ಹದಿಮೂರು ಎನ್ನುತ್ತದೆ.
ಒಂದು ಬೀಜವನ್ನೂ ಒಡೆಯದೆ ಅದಕ್ಕೆ ಹೇಗೆ ಗೊತ್ತಾಯಿತೆಂದು
ನಾನು ಯಾರನ್ನೂ ಕೇಳಿರಲಿಲ್ಲ.

ಇವತ್ತು ಮಡಿಕೇರಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಕವುಚಿ ಮಲಗಿದ್ದೇನೆ. ಮಂಚಕ್ಕೊಂದು ತೂತು,
ತೂತಿನ ಕೆಳಗೆ ಬಟ್ಟಲು,
ಬಟ್ಟಲಲ್ಲಿ ನನ್ನ ಎಡದ ಮೊಲೆ.
'ಸುಲೇಖಾ, ಸುಂಟಿಕೊಪ್ಪ, ನಲವತ್ತೊಂಬತ್ತು'
ಎಂದು ಓದಿದ ಹುಡುಗಿ ದೇಚಮ್ಮ
ಬೆಚ್ಚಗಿನ ಏನನ್ನೋ ತುಂಬಿಸಿದಳು. ಎಣ್ಣೆಯಲ್ಲ, ನೀರೂ ಅಲ್ಲ.
ನಡುವೆ ಗಾಳಿಯಿದ್ದರೆ ಅಲೆ ಚರ್ಮದ ಹೊಸ್ತಿಲಿಂದಲೇ
ಮರಳುತ್ತದಂತೆ, ಕರೆಯದೆ ಬಂದ ನೆಂಟನ ಹಾಗೆ.

ಅನ್ನ ಬಿಸಿಮಾಡುವ ಅಲೆಯೇನಮ್ಮ ಇದು?
ಅದೇ ಮನೆತನ ಆಂಟಿ. ಅದು ಕೂಗು, ಇದು ಪಿಸುಮಾತು.
ಅಲ್ಲಾಡಬೇಡಿ.

ಬಟ್ಟಲ ಸುತ್ತ ಹದಿನಾರು ತಗಡಿನ ಕಡ್ಡಿ.
ಒಂದು ಮಾತಾಡುತ್ತದೆ, ಹದಿನೈದು ಕೇಳುತ್ತವೆ.
ಆಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು.
ನನಗೇನೂ ಕೇಳಿಸುವುದಿಲ್ಲ. ಗೋಡೆಯ ಫ್ಯಾನು,
ಹೊರಗೆ ಯಾರದೋ ಸ್ಟೀಲು ಕ್ಯಾರಿಯರು.

ತಮ್ಮ ಮೊಯ್ದು ಚೆಟ್ಟಳ್ಳಿಯ ಕಡೆ ಆನೆ ಕಾವಲಿಗೆ ಹೋಗುತ್ತಾನೆ.
ಮಂಜು ಇಳಿದರೆ ಆನೆಯೇನು, ತನ್ನ ಕೈಯೇ ಕಾಣದು.
ತೋಟದ ಮೂಲೆಮೂಲೆಗೆ ಒಬ್ಬೊಬ್ಬ. ಒಬ್ಬ ಡಬ್ಬ ಬಡಿಯಬೇಕು,
ಉಳಿದವರು ಕಿವಿಗೊಡಬೇಕು.
ಸದ್ದು ಎಲ್ಲಿ ದಪ್ಪಗಾಯಿತು, ಎಲ್ಲಿ ತಡವಾಯಿತು,
ಇಲ್ಲಿದೆ ಅಂದುಕೋ. ತಾಳೆ ಹಾಕು.
ಆಗಲಿಲ್ಲವೋ, ನಾಲ್ಕು ಗಿಡ ಆಚೆ ಇದೆ ಅಂದುಕೋ.
ಒಂದು ರಾತ್ರಿಯಿಡೀ ಅವರು ಸುತ್ತುಗಟ್ಟಿ ಕಾದದ್ದು
ಹೊಸದಾಗಿ ಇಟ್ಟ ಸಿಂಟೆಕ್ಸ್ ಟ್ಯಾಂಕನ್ನು.
ನೆನೆದು ನಕ್ಕೆ.
ಆಂಟಿ, ಅಲ್ಲಾಡಬೇಡಿ ಅಂದೆನಲ್ಲ, ಮತ್ತೆ ಮೊದಲಿಂದ.

ಪರದೆಯಲ್ಲಿ ಬಂದದ್ದು ಫೋಟೊ ಅಲ್ಲ.
ನೀಲಿ ಬಟ್ಟೆಗೆ ಯಾರೋ ಕುಂಕುಮದ ಕೈ ಒರೆಸಿದ ಹಾಗೆ
ಎರಡು ಗಂಟೆಯ ದಿಕ್ಕಿಗೆ ಒಂದು ಕೆಂಪು, ಅಂಚಿಲ್ಲದ್ದು.
ಕೊಬ್ಬು ಒಣಗಿರುತ್ತದೆ, ಅಲೆ ಸಲೀಸಾಗಿ ದಾಟುತ್ತದೆ,
ಗಂಟು ಇದ್ದರೆ ಅದು ನೀರು ಕುಡಿದಿರುತ್ತದೆ, ಅದಕ್ಕೇ...
ತೇವ, ಎಂದೆ.
ಅವಳು ತಿರುಗಿ ನೋಡಿದಳು.
ನಮ್ಮ ಮೀಟರೂ ಇದನ್ನೇ ಮಾಡುತ್ತಿತ್ತು ನೋಡು,
ಇಷ್ಟು ವರ್ಷ, ನನ್ನ ಮೊಣಕೈ ಪಕ್ಕದಲ್ಲೇ.

ಎಷ್ಟು ಬಂತು ನಂದು?
ಹಾಗೆ ಸಂಖ್ಯೆ ಇರುವುದಿಲ್ಲ ಆಂಟಿ.
ಇದು ಇನ್ನೂ ಪರೀಕ್ಷೆಯಲ್ಲಿರುವ ಯಂತ್ರ, ಇದರ ಮಾತೇ ಕೊನೆಯಲ್ಲ,
ಹಾಲಿನ ಗ್ರಂಥಿಗೂ ಪಸೆ ಇರುತ್ತದೆ.
ಹಾಲು ಬತ್ತಿ ಹದಿನೇಳು ವರ್ಷವಾಯಿತು, ಎನ್ನಬೇಕೆಂದೆ.
ಟ್ಯಾಂಕಿನ ನೆನಪಾಗಿ ಸುಮ್ಮನಾದೆ.
ಅದರೊಳಗೂ ಇದ್ದದ್ದು ನೀರೇ.

ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.
ಸೂಜಿಯ ಮಾತು ಎತ್ತಲು ಅವಳಿಗೆ ಬಾಯಿ ಬರುತ್ತಿಲ್ಲ.
ಇಪ್ಪತ್ತಮೂರೋ ಇಪ್ಪತ್ತನಾಲ್ಕೋ, ಅಷ್ಟೆ.
ನಾನೇ ಹೇಳಿದೆ:

ಮೀಟರಿಗೂ ಹಲ್ಲಿಗೂ ತಕರಾರು ಬಿದ್ದ ದಿನ
ನಾವು ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚುತ್ತೇವೆ ಮಗಳೇ,
ಓರೆಯಾಗಿ, ತಳ ಮುಟ್ಟುವ ತನಕ.
ಒಂದು ಹಿಡಿ ಬೀಜ ಕೊಳವೆಯಲ್ಲಿ ಜಾರಿ ಕೈಗೆ ಬರುತ್ತದೆ.
ಆಮೇಲೆ ಉಗುರಿನಿಂದ ಎರಡು ಸಲ ಕೆರೆದರೆ ಸಾಕು,
ಗೋಣಿಯ ಎಳೆ ಒಂದಕ್ಕೊಂದು ಸರಿದು ಕೂಡಿಕೊಳ್ಳುತ್ತದೆ.
ಎಲ್ಲಿ ಚುಚ್ಚಿದ್ದೆಂದು ಕೇಳಿದರೆ
ನನಗೇ ತೋರಿಸಲಾಗುವುದಿಲ್ಲ.

ಟವೆಲು ಕೊಟ್ಟಳು. ಒರೆಸಿದಷ್ಟೂ ಅಂಟು.
ಗುರುವಾರ ಬರುತ್ತೇನೆ, ಎಂದೆ.
ಗುರುವಾರ ಲಾರಿ ಕಡಿಮೆ.