ಲೆಕ್ಕಕ್ಕ ಹದಿಮೂರು

ಮೂತ್ರದ ಸ್ಯಾಂಪಲ್ ಡಬ್ಬಿಯೊಳಗ ಹಾಕಿ ಕೊಟ್ಟರು,
ತೊಳೆದು, ಬಿಸಿ ಉಗಿಯಾಗ ಬೇಯಿಸಿ.
ಮುಚ್ಚಳದ ಮ್ಯಾಲ ನನ್ನ ಹೆಸರು, ವಾರ್ಡು, ತಾರೀಖು.
ಅಲುಗಿಸಿದರ ಗಿಲಕಿಯಂಗ ಸಪ್ಪಳ.
ಎರಡು ಸಳಿ ಮಾತ್ರ ಡಬ್ಬಿಗೆ ಹಿಡಿಸಲಿಲ್ಲ.
ಪೇಪರಿನಾಗ ಸುತ್ತಿ, ಊದಬತ್ತಿ ಕಟ್ಟಿ ಕೊಟ್ಟಂಗ
ಸಿಸ್ಟರ್ ಫಿಲೋಮಿನಾ ಅವ್ವನ ಕೈಯಾಗ ಇಟ್ಟಳು.

ಹನ್ನೆರಡು ವರ್ಷ.
ಎಂಟನೇತ್ತೆ ಮುಗಿದ ಬ್ಯಾಸಗಿಯಾಗ ಒಳಗ ಹೋದವು,
ವಾಲಿದ ಹಂದರಕ್ಕ ಗೂಟ ಕೊಟ್ಟಂಗ.
ಆವಾಗಿಂದ ನಾನು ಎಲ್ಲಿ ಕುಂತರೂ
ಫೋಟೋ ತೆಗಸ್ಕೊಳ್ಳಾಕ ಕುಂತಂಗ.
"ಏನ ಗತ್ತಲೇ ನಿಂದು" ಅಂತಿದ್ದರು ಗೆಳತ್ಯಾರು.
ಗತ್ತಲ್ಲ. ಟೈಟಾನಿಯಂ.

ಚಳಿ ಮೊದಲು ಅವಕ್ಕ ಗೊತ್ತಾಗತಿತ್ತು.
ಕಾರ್ತೀಕದ ಬೆಳಗಿನ್ಯಾಗ ಉದ್ಯಮಬಾಗದ ಬಸ್ಸಿಗೆ ನಿಂತರ
ಶಾಲಿನ ಒಳಗ, ಚರ್ಮದ ಒಳಗ, ಮಾಂಸದ ಒಳಗ
ಎರಡು ಗೆರಿ ತಣ್ಣಗ,
ಯಾರೋ ಬಾವಿಗೆ ಹಗ್ಗ ಇಳಿಬಿಟ್ಟಂಗ.

ನನ್ನ ಕೆಲಸ ತಪಾಸಣಿ.
ಸುಭಾನಿ ಲೇತಿನ ಮ್ಯಾಲ ಕಡದದ್ದನ್ನ ನಾನು ಅಳೀತೀನಿ,
ಕೂದಲೆಳಿಯಷ್ಟು ಹೆಚ್ಚಾದರೂ ಕೆಂಪು ಬಣ್ಣ ಹಚ್ಚಿ
ಮೂಲಿಯ ಪೆಟ್ಟಿಗಿಗೆ.
ದಿನಕ್ಕ ಆರುನೂರು ಬೋಲ್ಟು.
ಅದಕ್ಕ ಡಬ್ಬಿ ಸಿಕ್ಕ ದಿನಾನ
ವರ್ನಿಯರ್ ತರಸ್ಕೊಂಡೆ, ಮಲಗಿದಲ್ಲೇ.
ಆರು ಕಾಲು ಮಿಲಿಮೀಟರ್. ಥ್ರೆಡ್ಡು ನುಣುಪು.
ಇಷ್ಟು ಚಲೋ ಮಾಲು ನನ್ನ ಬೆನ್ನಾಗ ಇತ್ತು ಅಂತ
ನನಗ ಯಾರೂ ಹೇಳಿರಲಿಲ್ಲ.

ಎಣಿಸಿದೆ. ಹದಿಮೂರು.
ಮತ್ತ ಎಣಿಸಿದೆ.
ಹಳೇ ಕಾಗದದಾಗ ಹಾಕಿದ್ದು ಹದಿನಾಲ್ಕು.

ಡಾಕ್ಟರು ಕನ್ನಡಕ ಒರೆಸ್ಕೋತ ಅಂದರು:
"ಒಂದರ ತಲಿ ಮುರೀತವ್ವ. ಎಲುಬು ಕಚ್ಚಿ ಹಿಡದೈತಿ.
ಅಗಿಯಾಕ ಹೋದರ ಎಲುಬಿಗೇ ಧಕ್ಕಿ. ಇರಲಿ ಬಿಡು."

ಇರಲಿ ಬಿಡು.
ಈ ಮಾತು ನಾನು ಸುಭಾನಿಗೆ ಒಮ್ಮೀನೂ ಅಂದಿಲ್ಲ.

ಮನಿಯಾಗ ಇಪ್ಪತ್ತೆರಡು ದಿನ ಮಗ್ಗಲಾಗಿ.
ಹೊರಳಬೇಕಂದರ ದಿಮ್ಮಿ ಹೊರಳಿಸಿದಂಗ,
ಹೆಗಲು, ಸೊಂಟ, ಮೊಣಕಾಲು ಎಲ್ಲಾ ಒಮ್ಮೆಲೆ.
ಫಿಲೋಮಿನಾ ಕಲಿಸಿ ಕಳಿಸಿದ್ದು.
ವಡಗಾವಿಯ ಓಣಿಯಾಗ ಪವರ್‌ಲೂಮು ಹಗಲೂ ರಾತ್ರಿ ಖಟಖಟ.
ಮೊದಲು ಆ ಸಪ್ಪಳ ಬೆನ್ನಿಗೆ ಬಂದು ಗುಂಯ್ ಅಂತಿತ್ತು,
ಈಗ ಬರೇ ಕಿವಿಗೆ ಕೇಳತೈತಿ.
ಬಾಡಿಗಿಯವರು ಬಿಟ್ಟುಹೋದ ಖೋಲಿ.
ಗ್ವಾಡಿಯ ಮೊಳಿತೂತು ಇನ್ನೂ ಮುಚ್ಚಿಲ್ಲ.
"ಅವು ತುಂಬೂತನಾ ಬಗ್ಗಬ್ಯಾಡ, ಭಾರ ಎತ್ತಬ್ಯಾಡ."
ಮೂರು ತಿಂಗಳು.

ರಾತ್ರಿ ಎಚ್ಚರಾದಾಗ ಕೈ ಹಿಂದ ಹಾಕಿ ಹುಡುಕತೀನಿ.
ಎಡ ರೆಕ್ಕಿಯ ಕೆಳಗ ಒಂದು ಗಂಟು ಇತ್ತಲ್ಲ,
ಕುರ್ಚಿಗೆ ಆತರ ಚುಚ್ಚೂದು,
ಅದರ ಕಾಟಕ್ಕೇ ಅಲ್ಲ ಇದೆಲ್ಲಾ ತೆಗಸಿದ್ದು?
ಈಗ ಅದಿಲ್ಲ. ಪಟ್ಟಿ ಐತಿ.
ಪಟ್ಟಿಯ ಕೆಳಗ ನಾನ ಇರಬೇಕು.

ಅವ್ವ ಒಂದಿನ ಮೆಲ್ಲಕ ಕೇಳಿದಳು,
"ಮೋಡಕಾದಾಂವ ಇದಕ್ಕ ಏನರ ಕೊಟ್ಟಾನೇನ?"
ನಕ್ಕೆ, ಹೊಲಿಗಿ ಜಗ್ಗಿತು.
ಆಮ್ಯಾಲ ನೆನಪಾತು:
ಅವನ್ನ ಒಳಗ ಹಾಕಸಾಕ ಬೋರಮಾಳ ಅಡವಿಟ್ಟಾಕಿ ಈಕಿ.
ಬೋರಮಾಳ ತಿರುಗಿ ಬರಲಿಲ್ಲ.

ಸುಭಾನಿ ಬಂದಾಂವ ಮಾತಾಡಲಿಲ್ಲ ಭಾಳ ಹೊತ್ತು.
ಒಂದು ಸ್ಕ್ರೂ ಬೆಳಕಿಗೆ ಹಿಡಿದು ತಿರುವ್ಯಾಡಿ
"ಕಡದಾಂವ ಖರೇ ಕಸಬುದಾರ" ಅಂದ.
ಚಹಾ ಕುಡಿದು ಚಪ್ಪಲಿ ಮೆಟ್ಟೂಮುಂದ
"ಏನು, ಕೆಂಪು ಹಚ್ಚತೀ?"
ನನಗ ಉತ್ತರ ಬರಲಿಲ್ಲ.

ಇವತ್ತು ಮತ್ತ ಬಸ್ ಸ್ಟಾಪು.
ನಿಲ್ಲೂದು ನನಗ ಬರತಿರಲಿಲ್ಲ, ನಿಲ್ಲಿಸಿದ್ದವು ಅವು;
ಈಗ ಹಿಂದಿಂದ ಯಾರರ ಕರದರ ಸ್ವಲ್ಪ ತೂಗತೀನಿ,
ತಿರುಗತೀನಿ, ಸೊಂಟದಿಂದ.
ಹೊಸಾ ಹುಡುಗಿಯಂಗ ನಾಚಿಕಿ.
ಖಾನಾಪುರದ ಕಡೆಯಿಂದ ಗಾಳಿ ಬೀಸಿತು.
ಗೆರಿ ಎರಡೂ ಇಲ್ಲ.
ನಡು ಬೆನ್ನಾಗ ಒಂದು ಜಾಗಾದಾಗಷ್ಟ ತಣ್ಣಗ,
ಜ್ವಾಳದ ಕಾಳಿನಷ್ಟು.
ಅದೀಯೇನ, ಅಂದೆ.